ಸೀಟಿ ಊದಿದರೆ ಒಂದು ಹಿಡಿ

ಡ್ರಿಲ್ ಮೇಷ್ಟ್ರಿಗೆ ಅವರ ಮುಖಕ್ಕೇ "ದಪ್ಪ" ಎಂದು ಹೇಳಿದವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಹೇಳುವ ಎದೆಗಾರಿಕೆ ಯಾರಿಗಿತ್ತು? ಅವರು ಕೆಮ್ಮಿದರೆ ಆರನೇ ಕ್ಲಾಸು ಸಾಲಾಗಿ ನಿಲ್ಲುತ್ತಿತ್ತು, ಸೀನಿದರೆ ಏಳನೇ ಕ್ಲಾಸು ಬಲಕ್ಕೆ ತಿರುಗುತ್ತಿತ್ತು. ಅಂಥವರ ಎದುರಿಗೆ ಆ ದನದ ಡಾಕ್ಟರಮ್ಮ (ಸಿಟ್ಟು ಬಂದಾಗ ಮೇಷ್ಟ್ರ ಬಾಯಿಗೆ "ಪಶುವೈದ್ಯೆ" ಎಂಬ ಪದ ಬರುತ್ತಿರಲಿಲ್ಲ) ತಕ್ಕಡಿಯ ಮೇಲೆ ಕೂತಿದ್ದ ಬೆಕ್ಕನ್ನೊಮ್ಮೆ ನೋಡಿ, ಮೇಷ್ಟ್ರ ಹೊಟ್ಟೆಯನ್ನೊಮ್ಮೆ ನೋಡಿ, "ನಿಮ್ಮ ಮನೇಲಿ ಎಲ್ಲರೂ ಹೀಗೇನಾ?" ಎಂದು ಕೇಳಿಬಿಟ್ಟರು.

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. ಅದು ಎರಡನೆಯ ಅವಮಾನ. ತಕ್ಕಡಿಯ ಮೇಲಿದ್ದ ಬೆಕ್ಕು ದೊಡ್ಡದಾಗಿ ಆಕಳಿಸಿತು. ಅದು ಮೂರನೆಯದು.

ಬೆಕ್ಕಿನ ಹೆಸರು ಸಾಹುಕಾರ. ಹೆಸರಿಟ್ಟವರು ಮೇಷ್ಟ್ರೇ. ಶಾಲೆಯ ಆಟದ ಸಾಮಾನಿನ ಕೋಣೆಯಲ್ಲಿ, ಹಳೆಯ ವಾಲಿಬಾಲ್ ನೆಟ್ಟಿನೊಳಗೆ ಕಾಲು ಸಿಕ್ಕಿಸಿಕೊಂಡು ಕಿರುಚುತ್ತಿದ್ದ ಮರಿಯನ್ನು ಬಿಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದಿದ್ದರು. ಜೇಬಿನಲ್ಲಿ ಹಿಡಿಸಿದ್ದ ಆ ಪ್ರಾಣಿ ಈಗ ಬುಟ್ಟಿಯಲ್ಲಿ ಹಿಡಿಸುತ್ತಿರಲಿಲ್ಲ. ಹೊಂಬಣ್ಣದ ಮೈ, ಬಿಳಿ ಮೀಸೆ, ನಡೆದರೆ ಹೊಟ್ಟೆ ಒಂದು ಕಡೆಗೆ, ತಾನು ಒಂದು ಕಡೆಗೆ.

"ನಗೋ ವಿಷಯ ಅಲ್ಲ ಇದು," ಎಂದರು ಡಾಕ್ಟರಮ್ಮ. "ತೂಕ ಇಳೀಲೇಬೇಕು. ಇಲ್ಲಾಂದ್ರೆ ಸಕ್ಕರೆ ಕಾಯಿಲೆ ಬರುತ್ತೆ, ಕೀಲು ಹಿಡ್ಕೊಳ್ಳುತ್ತೆ, ಉಸಿರಾಡೋದೂ ಕಷ್ಟ ಆಗುತ್ತೆ. ಹೆಚ್ಚು ದಿನ ಬದುಕಲ್ಲ. ಹಾಗಂತ ಉಪವಾಸ ಕೆಡವಬೇಡಿ, ಬೆಕ್ಕಿಗೆ ಉಪವಾಸ ಇನ್ನೂ ಅಪಾಯ. ಹೊತ್ತು ಹೊತ್ತಿಗೆ, ಅಳತೆಯಲ್ಲಿ ಹಾಕಿ. ಓಡಾಡಿಸಿ, ಆಟ ಆಡಿಸಿ. ಒಬ್ಬರೇ ಜವಾಬ್ದಾರಿ ತಗೊಳ್ಳಿ."

"ಹೆಚ್ಚು ದಿನ ಬದುಕಲ್ಲ" ಎಂಬ ಮಾತು ಕೇಳಿ ಮೇಷ್ಟ್ರ ಎದೆ ಝಲ್ಲೆಂದಿತು. ಎದೆ ಝಲ್ಲೆಂದಾಗಲೆಲ್ಲ ಅವರಿಗೆ ಸಿಟ್ಟು ಬರುತ್ತಿತ್ತು. ಹೆದರಿಕೆ ಎಂಬುದು ಅವರ ಬಾಯಿಂದ ಹೊರಗೆ ಬರುವಾಗ ಯಾವಾಗಲೂ ಬೈಗುಳದ ವೇಷ ಹಾಕಿಕೊಂಡೇ ಬರುವುದು.

"ನಾನು ತಗೋತೀನಿ ಜವಾಬ್ದಾರಿ!" ಎಂದು ಗುಡುಗಿದರು. "ಇಡೀ ಶಾಲೆಯನ್ನ ಶಿಸ್ತಿನಲ್ಲಿ ಇಟ್ಟಿರೋನಿಗೆ ಒಂದು ಬೆಕ್ಕು ಯಾವ ಲೆಕ್ಕ?"

ಬೆಕ್ಕು ಯಾವ ಲೆಕ್ಕ ಎಂಬುದು ಮರುದಿನ ಬೆಳಿಗ್ಗೆಯೇ ಗೊತ್ತಾಯಿತು. ಅಂಗಳದಲ್ಲಿ ಸಾಹುಕಾರನನ್ನು ನಿಲ್ಲಿಸಿ ವ್ಯಾಯಾಮ ಶುರುಮಾಡಿದರು. ದಾರಕ್ಕೆ ಗರಿ ಕಟ್ಟಿ ಅದರ ಮುಂದೆ ಆಡಿಸಬೇಕು, ಅದು ಹಾರಿ ಹಿಡಿಯಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಮೇಷ್ಟ್ರು ದಾರ ಹಿಡಿದು ಅಂಗಳದ ಈ ತುದಿಯಿಂದ ಆ ತುದಿಗೆ ಓಡಿದರು. ಸಾಹುಕಾರ ನೋಡಿದ. ಮೇಷ್ಟ್ರು ಆ ತುದಿಯಿಂದ ಈ ತುದಿಗೆ ಓಡಿದರು. ಸಾಹುಕಾರ ಮಲಗಿ ನೋಡಿದ. ಮೂರನೆಯ ಸುತ್ತಿಗೆ ಮೇಷ್ಟ್ರು ತುಳಸಿಗಿಡದ ಕುಂಡಕ್ಕೆ ಎಡವಿ ಬಿದ್ದಾಗ ಮಾತ್ರ ಅವನು ಎದ್ದು ಬಂದು ಮೂಸಿ ನೋಡಿ, ತಿನ್ನುವಂಥದ್ದು ಏನೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಹೋದ.

"ಬೆಕ್ಕಿಗೆ ಚೆಲ್ಲಾಟ, ನಿಮಗೆ ಪ್ರಾಣಸಂಕಟ," ಎಂದಳು ಹೆಂಡತಿ, ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುತ್ತಾ.

ಸರಿ, ಓಟ ಆಮೇಲೆ. ಮೊದಲು ಊಟದ ಶಿಸ್ತು ಎಂದು ಮೇಷ್ಟ್ರು ತೀರ್ಮಾನಿಸಿದರು. ಬೆಳಿಗ್ಗೆ ಮತ್ತು ಸಂಜೆ ತಾವೇ ಹಾಕುವುದು. ಮಧ್ಯಾಹ್ನಕ್ಕೆ ಮಾತ್ರ ಗತಿಯಿರಲಿಲ್ಲ. ತಾವು ಶಾಲೆಯಲ್ಲಿ, ಹೆಂಡತಿ ಅಂಗಡಿಯಲ್ಲಿ. ಮನೆಯಲ್ಲಿ ಉಳಿಯುವವರು ಅತ್ತೆ ಒಬ್ಬರೇ. ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದು ನಿವೃತ್ತರಾದವರು. ಅತ್ತೆಯ ಕೈಗೆ ಅಧಿಕಾರ ಕೊಡುವುದು ಮೇಷ್ಟ್ರಿಗೆ ಸುತರಾಂ ಇಷ್ಟವಿರಲಿಲ್ಲ. ಆದರೂ ಒಂದು ಉಪಾಯ ಹೊಳೆಯಿತು, ಅವರ ಪ್ರಕಾರ ಅಮೋಘವಾದ ಉಪಾಯ. ಮನೆಯ ಹಿಂಬಾಗಿಲು ತೆರೆದರೆ ಶಾಲೆಯ ಮೈದಾನದ ಗೋಡೆ. ಅಲ್ಲಿ ಸೂಜಿ ಬಿದ್ದರೂ ಇಲ್ಲಿ ಕೇಳುವುದು.

ಅಡುಗೆಮನೆಯಲ್ಲಿ ಸಭೆ ಕರೆದರು. ಬೆಕ್ಕಿನ ಒಣ ತಿಂಡಿಯ ಕಾಳಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. ಕೊರಳಲ್ಲಿದ್ದ ಸೀಟಿಯನ್ನು ಎತ್ತಿ ತೋರಿಸಿದರು.

"ಅತ್ತೆ, ಕೇಳಿ. ಮಧ್ಯಾಹ್ನ ಮೈದಾನದಿಂದ ನಾನು ಸೀಟಿ ಊದ್ತೀನಿ. ಸೀಟಿ ಕೇಳಿದ ತಕ್ಷಣ ಇದರಲ್ಲಿ ಒಂದು ಹಿಡಿ ತೆಗೆದು ಸಾಹುಕಾರನಿಗೆ ಹಾಕಬೇಕು. ಒಂದೇ ಹಿಡಿ."

"ಗಡಿಯಾರ ನೋಡಿ ಹಾಕಿದ್ರೆ ಆಗಲ್ವಾ ಅಳಿಯಂದ್ರೇ?"

"ಗಡಿಯಾರ! ನಿಮ್ಮ ಧಾರಾವಾಹಿ ಮುಗಿದ ಮೇಲೆ ಗಡಿಯಾರ ನೋಡ್ತೀರಿ ನೀವು! ಅದೆಲ್ಲ ಬೇಡ. ಸೀಟಿ ಅಂದ್ರೆ ಊಟ. ಊಟ ಅಂದ್ರೆ ಸೀಟಿ."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಒಂದು ಮಾತು ಕೇಳ್ಲಾ? ಸೀಟಿ ಯಾವಾಗ ಊದಿದ್ರೂನಾ? ಯಾರು ಊದಿದ್ರೂನಾ? ಯಾಕಂದ್ರೆ ನೀವು ಅಲ್ಲಿ..."

"ಪ್ರಶ್ನೆ ಬೇಡ!" ಮೇಷ್ಟ್ರ ಕೋಪ ನೆತ್ತಿಗೇರಿತು. "ಈ ಮನೇಲಿ ಒಂದು ಹೇಳಿದ್ರೆ ಹತ್ತು ಪ್ರಶ್ನೆ! ಅದಕ್ಕೇ ಬೆಕ್ಕು ಹೀಗೆ ಊದಿರೋದು! ಸೀಟಿ ಕೇಳಿತು, ಒಂದು ಹಿಡಿ ಹಾಕಿದ್ರಿ. ಮುಗೀತು."

"ಆಯ್ತಪ್ಪಾ," ಎಂದರು ಅತ್ತೆ. "ಸೀಟಿ ಕೇಳಿದ್ರೆ ಒಂದು ಹಿಡಿ."

ಜೀವಮಾನವೆಲ್ಲ ಡಾಕ್ಟರುಗಳ ಕೂಗಾಟ ಕೇಳಿ ನುರಿತ ಹೆಂಗಸು ಅವರು. ಕೂಗಾಡುವವರಿಗೆ ಎದುರು ಮಾತಾಡಬಾರದು, ಅವರು ಹೇಳಿದ್ದನ್ನು ಹೇಳಿದ ಹಾಗೇ, ಒಂದಕ್ಷರ ಬಿಡದೆ ಮಾಡಬೇಕು ಎಂಬುದು ಆಸ್ಪತ್ರೆಯಲ್ಲಿ ಅವರು ಕಲಿತ ದೊಡ್ಡ ವಿದ್ಯೆಯಾಗಿತ್ತು.

ಒಂದು ವಾರ ಕಳೆಯಿತು. ಸಾಹುಕಾರ ತೆಳ್ಳಗಾಗುವ ಬದಲು ಇನ್ನಷ್ಟು ಉಬ್ಬಿದ. ಎರಡನೆಯ ವಾರ ಅವನು ಸೋಫಾ ಹತ್ತುವುದನ್ನು ಬಿಟ್ಟ. ಕಾಳಿನ ಡಬ್ಬಿಯಂತೂ ತಳ ಒಡೆದಿದೆಯೇನೋ ಎಂಬಂತೆ ಖಾಲಿಯಾಗುತ್ತಿತ್ತು. ಹೆಂಡತಿ ತಂದ ಹೊಸ ಚೀಲವೂ ಸೊರಗಿ ಕೂತಾಗ ಮೇಷ್ಟ್ರು ಊಟ ಬಿಟ್ಟು ಎದ್ದರು.

"ಕಳ್ಳತನ! ಹಾಡುಹಗಲೇ ಕಳ್ಳತನ! ಯಾರೋ ಕದ್ದು ತಿನ್ನಿಸ್ತಿದ್ದೀರಿ!"

"ನನ್ನನ್ಯಾಕೆ ನೋಡ್ತೀರಿ?" ಹೆಂಡತಿ ಕೈಯಲ್ಲಿದ್ದ ಸೌಟನ್ನು ಕೆಳಗಿಡಲಿಲ್ಲ. "ಬೆಳಿಗ್ಗೆ ಹೋದೋಳು ರಾತ್ರಿ ಬರ್ತೀನಿ. ಮಧ್ಯಾಹ್ನ ಊಟಕ್ಕೆ ಬಂದ್ರೂ ಬಾಯಿಗೆ ತುತ್ತು ಹಾಕ್ಕೊಂಡು ಓಡ್ತೀನಿ. ನಿಮ್ಮ ಬೆಕ್ಕಿಗೆ ತುತ್ತು ಕೊಡೋಕೆ ನನಗೇ ತುತ್ತಿಲ್ಲ!"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿ ನೋಡ್ಕೋತೀಯಾ?"

"ಕುಂಬಳಕಾಯಿ ಹೊಟ್ಟೇಲಿ ಇಟ್ಕೊಂಡೋರು ಹೆಗಲಿನ ಮಾತು ಆಡಬಾರದು!"

ಆ ಮಾತು ನಾಟಿತು. ಮೇಷ್ಟ್ರು ಹೊಟ್ಟೆಯನ್ನು ಒಳಗೆಳೆದುಕೊಂಡು ಅತ್ತೆಯ ಕಡೆ ತಿರುಗಿದರು. "ಅತ್ತೆ, ನಿಜ ಹೇಳಿ. ನೀವು ಎಷ್ಟು ಹಾಕ್ತಿದ್ದೀರಿ?"

"ಸೀಟಿ ಕೇಳಿದ್ರೆ ಒಂದು ಹಿಡಿ," ಎಂದರು ಅತ್ತೆ ಪೇಪರಿನಿಂದ ಕಣ್ಣೆತ್ತದೆ.

"ನಿಮ್ಮ ಹಿಡಿ ತೋರಿಸಿ."

ಅತ್ತೆ ಮುಷ್ಟಿ ಕಟ್ಟಿ ತೋರಿಸಿದರು. ಪುಟ್ಟ ಮುಷ್ಟಿ, ಅದರಲ್ಲಿ ಹಿಡಿದರೆ ಗುಬ್ಬಚ್ಚಿಯೂ ಇನ್ನೊಂದಿಷ್ಟು ಕೇಳುವುದು. ಮೇಷ್ಟ್ರು ಅದನ್ನು ಎಲ್ಲ ಕಡೆಯಿಂದ ಪರೀಕ್ಷಿಸಿ, ನಿರಪರಾಧಿ ಎಂದು ಬಿಟ್ಟುಬಿಟ್ಟರು.

ಡಾಕ್ಟರಮ್ಮನ ತಕ್ಕಡಿ ಯಾರ ದಾಕ್ಷಿಣ್ಯಕ್ಕೂ ಬೀಳಲಿಲ್ಲ. ಸಾಹುಕಾರನ ತೂಕ ಏರಿತ್ತು. "ಹೀಗೇ ಆದ್ರೆ ಮುಂದಿನ ಸಲ ದಿನಾ ಇನ್ಸುಲಿನ್ ಚುಚ್ಚೋದು ಹೇಳ್ಕೊಡ್ಬೇಕಾಗುತ್ತೆ," ಎಂದರು ಅವರು. ಈ ಸಲ ಮೇಷ್ಟ್ರ ಹೊಟ್ಟೆಯ ಕಡೆ ನೋಡಲೂ ಇಲ್ಲ. ನೋಡಿದ್ದರೇ ವಾಸಿಯಿತ್ತು. "ನಿಮ್ಮ ಕೈಲಿ ಆಗದಿದ್ರೆ ಹೇಳಿ, ಚೆನ್ನಾಗಿ ನೋಡ್ಕೊಳ್ಳೋ ಮನೆ ಹುಡುಕೋಣ."

ಆ ಭಾನುವಾರ ಮಧ್ಯಾಹ್ನ ಮೇಷ್ಟ್ರು ಎಂದಿನಂತೆ ಮಲಗಿದ್ದರು. ಎಂದಿನಂತೆ ಸಾಹುಕಾರ ಅವರ ಪಾದದ ಮೇಲೆ ಮಲಗಲು ಬಂದ. ಮುಂಗಾಲುಗಳನ್ನು ಮಂಚಕ್ಕೆ ಇಟ್ಟ, ಹಿಂಗಾಲು ಎತ್ತಿದ, ಜಾರಿ ಕೆಳಗೆ ಬಿದ್ದ. ಮತ್ತೆ ಹತ್ತಿದ, ಮತ್ತೆ ಜಾರಿದ. ಕೊನೆಗೆ ಕೆಳಗೇ ಕೂತು, ಬಾಯಿ ತೆರೆದು ಏದುಸಿರು ಬಿಡುತ್ತಾ ಮೇಷ್ಟ್ರ ಮುಖವನ್ನೇ ನೋಡಿದ. ಮೇಷ್ಟ್ರು ಮಂಚದಿಂದ ಬಗ್ಗಿದರು. ಎತ್ತಿ ಎದೆಯ ಮೇಲೆ ಮಲಗಿಸಿಕೊಂಡರು. ಈ ಪ್ರಾಣಿ ಇಲ್ಲದ ಮನೆಯಲ್ಲಿ ತಾವು ಯಾರಿಗೆ ಬೈಯಬೇಕು, ಬೈದ ಮೇಲೆ ಯಾರ ಬೆನ್ನು ಸವರಬೇಕು ಎಂದು ಯೋಚಿಸಿ ಕಣ್ಣು ಒದ್ದೆಯಾಯಿತು. ಕಣ್ಣು ಒದ್ದೆಯಾದದ್ದಕ್ಕೆ ಮತ್ತೆ ಸಿಟ್ಟು ಬಂತು. ಎದ್ದು ನಡುಮನೆಗೆ ಹೋಗಿ, ಬಟ್ಟೆ ಮಡಿಸುತ್ತಿದ್ದ ತಾಯಿ ಮಗಳ ಎದುರು ನಿಂತು ಘೋಷಣೆ ಹೊರಡಿಸಿದರು.

"ಕೇಳಿ ಇಬ್ಬರೂ! ಸಾಹುಕಾರನ್ನ ಹೀಗೆ ಊದಿಸ್ತಿರೋರು ಸಿಕ್ಕಿಬಿದ್ದ ದಿನ, ಅವರಿಗೂ ಇದೇ ಪಥ್ಯ! ಅದೇ ಅಳತೆ, ಅದೇ ಸೀಟಿ! ಸೀಟಿ ಇಲ್ಲದೆ ಒಂದು ಬಿಸ್ಕತ್ತೂ ಮುಟ್ಟೋ ಹಾಗಿಲ್ಲ!"

"ಯಾರೇ ಆದ್ರೂನಾ ರೀ?" ಕೇಳಿದಳು ಹೆಂಡತಿ.

"ಯಾರೇ ಆದ್ರೂ! ಮುಖ ಮೋರೆ ನೋಡೋ ಜಾತಿ ಅಲ್ಲ ನಾನು!"

"ಅಮ್ಮಾ, ಕೇಳಿಸ್ಕೊಂಡ್ಯಾ?"

"ಕೇಳಿಸ್ಕೊಂಡೆ ಮಗಳೇ," ಎಂದರು ಅತ್ತೆ, ಅಳಿಯನ ಬನಿಯನ್ನು ಮಡಿಸಿಡುತ್ತಾ.

ಕಳ್ಳರನ್ನು ಹಿಡಿಯಲು ಕಾವಲು ಕೂರುವುದೊಂದೇ ದಾರಿ. ಸೋಮವಾರ ಮೇಷ್ಟ್ರು ಹೊಟ್ಟೆನೋವೆಂದು ಹೆಡ್‌ಮೇಷ್ಟ್ರಿಗೆ ಫೋನು ಮಾಡಿ ರಜೆ ಹಾಕಿದರು. ಕ್ರೀಡಾಕೂಟ ಹತ್ತಿರ ಬರುತ್ತಿದ್ದುದರಿಂದ ಅಭ್ಯಾಸ ನಿಲ್ಲಿಸುವಂತಿರಲಿಲ್ಲ. ಹೆಡ್‌ಮೇಷ್ಟ್ರು ಚಿತ್ರಕಲೆಯ ಮೇಷ್ಟ್ರಿಗೆ ಆಟದ ಕೋಣೆಯ ಇನ್ನೊಂದು ಸೀಟಿ ಕೊಟ್ಟು ಮೈದಾನಕ್ಕೆ ಕಳಿಸಿದರಂತೆ. ನಮ್ಮ ಮೇಷ್ಟ್ರು ಮುಂಬಾಗಿಲಿನಿಂದ ಶಾಲೆಗೆ ಹೊರಟಂತೆ ಮಾಡಿ, ಸುತ್ತುಹಾಕಿ ಹಿಂಬಾಗಿಲಿನಿಂದ ಒಳಗೆ ಬಂದು, ಊಟದ ಮೇಜಿನ ಕೆಳಗೆ ಸೇರಿಕೊಂಡರು. ಮೇಜಿನ ಬಟ್ಟೆ ಒಳ್ಳೆಯ ಮರೆಯಾಗಿತ್ತು. ಆದರೆ ಮೇಷ್ಟ್ರೇ ಮೇಜಿಗಿಂತ ದೊಡ್ಡವರಾಗಿದ್ದರು. ಹೊಟ್ಟೆಯನ್ನು ಒಳಗೆಳೆದುಕೊಂಡರೆ ಕಾಲು ಹೊರಗೆ, ಕಾಲನ್ನು ಒಳಗೆಳೆದುಕೊಂಡರೆ ಬೆನ್ನು ಹೊರಗೆ. ಕಾಲು ಹೋದರೆ ಹೋಗಲಿ ಎಂದು ಬಿಟ್ಟರು.

ಸಾಹುಕಾರ ಬಂದು, ಬಟ್ಟೆಯ ಕೆಳಗಿಂದ ಇಣುಕಿ ನೋಡಿ, ಎದುರಿಗೇ ಕೂತ.

"ಹೋಗೋ! ಹೋಗು! ನಿನ್ನ ಜೀವ ಉಳಿಸೋಕೇ ನಾನಿಲ್ಲಿ ಸಾಯ್ತಿರೋದು!" ಎಂದು ಪಿಸುಗುಟ್ಟಿದರು ಮೇಷ್ಟ್ರು.

ಅತ್ತೆ ಬಂದು ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದರು. ಮನೆ ಶಾಂತವಾಗಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ, ಚಿತ್ರಕಲೆಯ ಮೇಷ್ಟ್ರ ಅಳುಕು ಉಸಿರಿನ ಸೀಟಿ ಕೇಳಿತು: ಪೀ...

ಸಾಹುಕಾರನ ಕಿವಿ ನೆಟ್ಟಗಾಯಿತು. ಅತ್ತೆ ಪೇಪರು ಮಡಿಸಿ, ಮಂಡಿ ಹಿಡಿದುಕೊಂಡು ಎದ್ದು, "ಬಂದೆನಪ್ಪಾ, ಬಂದೆ," ಎನ್ನುತ್ತಾ ಡಬ್ಬಿ ತೆರೆದು ಒಂದು ಹಿಡಿ ಹಾಕಿದರು. ಸಾಹುಕಾರ ತಿಂದ. ಅತ್ತೆ ಕೂತರು, ಪೇಪರು ಬಿಡಿಸಿದರು. ಪೀ... ಅತ್ತೆ ಎದ್ದರು, ಒಂದು ಹಿಡಿ ಹಾಕಿದರು, ಕೂತರು. ಪೀ... ಎದ್ದರು.

"ಸಿಕ್ಕಿಬಿದ್ರಿ!"

ಮೇಷ್ಟ್ರು ಎದ್ದರು. ಅವರ ಜೊತೆಗೆ ಮೇಜೂ ಎದ್ದಿತು. ಮೇಜಿನ ಮೇಲಿದ್ದ ನೀರಿನ ಜಗ್ಗು ಅವರ ತಲೆಯ ಮೇಲೆಯೇ ಬರಿದಾಯಿತು. ಒದ್ದೆ ತಲೆಯಲ್ಲಿ, ಬೆನ್ನ ಮೇಲೆ ಮೇಜು ಹೊತ್ತುಕೊಂಡು, ಅತ್ತೆಯ ಕಡೆ ಬೆರಳು ತೋರಿಸಿದರು.

"ಕೈಯಲ್ಲಿ ಡಬ್ಬಿ ಸಮೇತ ಸಿಕ್ಕಿಬಿದ್ರಿ ಅತ್ತೆ!"

ಅತ್ತೆ ಬೆಚ್ಚಲಿಲ್ಲ. "ಸಿಕ್ಕಿಬೀಳೋದೇನು? ನಿಮ್ಮ ಕಾಲು ಆಗಲೇ ಕಂಡಿದ್ದೆ. ಏನೋ ಹೊಸ ವ್ಯಾಯಾಮ ಇರಬೇಕು ಅಂದ್ಕೊಂಡೆ. ಸೀಟಿ ಕೇಳಲಿಲ್ವಾ ನಿಮಗೆ?"

"ಯಾವ ಸೀಟಿ?"

ಗೋಡೆಯಾಚೆಯಿಂದ ಉತ್ತರ ಬಂತು: ಪೀ... ಅತ್ತೆ ಇನ್ನೊಂದು ಹಿಡಿ ಹಾಕಿದರು.

"ಅಯ್ಯೋ ನಿಲ್ಸಿ! ಅದು ನನ್ನ ಸೀಟಿ ಅಲ್ಲ! ಚಿತ್ರಕಲೆ ಮೇಷ್ಟ್ರದ್ದು!"

"ಯಾರು ಊದಿದ್ರೂನಾ ಅಂತ ಮೊದಲನೇ ದಿನವೇ ಕೇಳಿದ್ದೆ. ಪ್ರಶ್ನೆ ಬೇಡ ಅಂದ್ರಿ. ಯಾವಾಗ ಊದಿದ್ರೂನಾ ಅಂತಾನೂ ಕೇಳಿದ್ದೆ. ಬಾಯಿ ಮುಚ್ಚಿಸಿದ್ರಿ." ಅತ್ತೆ ಕುರ್ಚಿಯಲ್ಲಿ ಕುಸಿದು ಮಂಡಿ ಒತ್ತಿಕೊಂಡರು. "ಈ ಮೇಷ್ಟ್ರು ಪಾಪ ಪರವಾಗಿಲ್ಲ, ಬಿಟ್ಟು ಬಿಟ್ಟು ಊದ್ತಾರೆ. ನೀವಿದ್ದ ದಿನ ನನಗೆ ಕೂರೋಕೂ ಪುರುಸೊತ್ತಿಲ್ಲ ಅಳಿಯಂದ್ರೇ. ಏಳು, ಹಾಕು, ಕೂರು. ಏಳು, ಹಾಕು, ಕೂರು. ಅದರಲ್ಲೂ ನೀವು ಮಕ್ಕಳಿಗೆ ಸಿಟ್ಟು ಮಾಡ್ಕೊಂಡ್ರಂತೂ ಮುಗೀತು. ಡಬ್ಬಿಗೆ ಮುಚ್ಚಳ ಹಾಕೋದೇ ಬಿಟ್ಟಿದ್ದೀನಿ."

ಗೊರಕೆ ಹೊಡೆಯುವವನಿಗೆ ತನ್ನ ಗೊರಕೆ ಕೇಳುವುದಿಲ್ಲ. ಸಾಲಿಗೆ ಸೀಟಿ, ಓಟಕ್ಕೆ ಸೀಟಿ, ನಿಲ್ಲಲು ಸೀಟಿ, ನಕ್ಕವನಿಗೆ ಸೀಟಿ, ನಗದವನಿಗೆ ಸೀಟಿ. ಅವುಗಳನ್ನು ಮೇಷ್ಟ್ರು ಸೀಟಿ ಎಂದು ಎಣಿಸಿಯೇ ಇರಲಿಲ್ಲ. ಅದು ಕೆಲಸ. ಮಧ್ಯಾಹ್ನದ್ದು ಮಾತ್ರ ಸೀಟಿ. ಮನೆಯಲ್ಲಿ ಬೆಕ್ಕು ಕರಗಲಿಲ್ಲವೆಂಬ ಸಿಟ್ಟನ್ನು ಮಾರನೆಯ ದಿನ ಮೈದಾನದಲ್ಲಿ ಊದಿ ತೀರಿಸಿಕೊಳ್ಳುತ್ತಿದ್ದರು. ಊದಿದ ಒಂದೊಂದು ಸಿಟ್ಟೂ ಒಂದೊಂದು ಹಿಡಿಯಾಗಿ ಸಾಹುಕಾರನ ಹೊಟ್ಟೆ ಸೇರುತ್ತಿತ್ತು.

"ಮೊದಲೇ ಹೇಳೋದಲ್ವಾ ಅತ್ತೆ?" ಸ್ವರ ಈಗ ಗುಡುಗಲಿಲ್ಲ.

"ನಿಮ್ಮ ಹತ್ರ ಹೇಳೋದಾ? ಕೇಳೋಕೇ ಬಿಡಲ್ಲ, ಹೇಳೋದೆಲ್ಲಿ ಬಂತು?"

ಅಷ್ಟರಲ್ಲಿ ಹೆಂಡತಿ ಊಟಕ್ಕೆ ಬಂದಳು. ಬೆನ್ನ ಮೇಲೆ ಮೇಜು ಹೊತ್ತ ಗಂಡ, ಡಬ್ಬಿ ಹಿಡಿದ ತಾಯಿ, ತಟ್ಟೆ ನೆಕ್ಕುತ್ತಿರುವ ಬೆಕ್ಕು. ತಾಯಿ ನಡೆದದ್ದನ್ನು ಹೇಳಿ ಮುಗಿಸುವ ಹೊತ್ತಿಗೆ ಅವಳು ನಕ್ಕು ನಕ್ಕು ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕೂತಿದ್ದಳು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಎದ್ದಳು. ಆಗ ಅವಳ ಮುಖದಲ್ಲಿ ನಗುವಿರಲಿಲ್ಲ.

"ಬೆಕ್ಕು ಸಾಯೋ ಹಾಗಾಗಿತ್ತು ರೀ. ನನ್ನನ್ನ ಕಳ್ಳಿ ಅಂದ್ರಿ, ನಮ್ಮಮ್ಮನ ಮುಷ್ಟಿ ಅಳೆದ್ರಿ. ಊದಿಸಿದೋರಿಗೆ ಏನೋ ಶಿಕ್ಷೆ ಅಂದಿದ್ರಲ್ಲ. ಅದೇ ಅಳತೆ, ಅದೇ ಸೀಟಿ. ಯಾರೇ ಆದ್ರೂ. ಮಾಡಿದ್ದುಣ್ಣೋ ಮಹಾರಾಯ!"

"ಅದು... ನಾನು ಸಿಟ್ಟಲ್ಲಿ..."

"ಪ್ರಶ್ನೆ ಬೇಡ," ಎಂದರು ಅತ್ತೆ, ಅಂಗೈ ಚಾಚಿ.

ಮೇಷ್ಟ್ರು ಬೆಕ್ಕಿನ ಕಡೆ ನೋಡಿದರು. ಅದು ಕಣ್ಣು ಮುಚ್ಚಿ ಮುಖ ತೊಳೆಯುತ್ತಿತ್ತು. ಕೊರಳಿನಿಂದ ಸೀಟಿ ತೆಗೆದು ಅತ್ತೆಯ ಕೈಗಿಟ್ಟರು.

ಅಂದಿನಿಂದ ಆ ಮನೆಯಲ್ಲಿ ಊಟಕ್ಕೆ ಸೀಟಿ ಊದುವವರು ಅತ್ತೆ. ಎರಡು ಸಲ, ಚುಟುಕಾಗಿ, ಆಸ್ಪತ್ರೆಯ ಶಿಸ್ತಿನಲ್ಲಿ. ಮಧ್ಯಾಹ್ನ ಅದು ಕೇಳಿದರೆ ಮೇಷ್ಟ್ರು ಗೋಡೆಯ ಸಣ್ಣ ಬಾಗಿಲು ದಾಟಿ ಮನೆಗೆ ಬರಬೇಕು. ಮೈದಾನದಲ್ಲಿ ಯಾರು ಊದಿದರೂ ಲೆಕ್ಕಕ್ಕಿಲ್ಲ. ಅಡುಗೆಮನೆಯಲ್ಲಿ ಎರಡು ತಟ್ಟೆ. ಒಂದರಲ್ಲಿ ಅಳತೆಯ ಕಾಳು, ಇನ್ನೊಂದರಲ್ಲಿ ಬೇಯಿಸಿದ ತರಕಾರಿ, ಒಂದು ಮೊಟ್ಟೆ, ಎರಡು ತುಂಡು ಬ್ರೆಡ್ಡು. ಮೊದಲ ದಿನಗಳಲ್ಲಿ ಮೇಷ್ಟ್ರು ತಟ್ಟೆ ನೋಡಿ ಕೂಗಾಡಿದರು. ಅತ್ತೆ ಕೇಳಿಸಿಕೊಂಡು, ಬ್ರೆಡ್ಡಿನ ಒಂದು ತುಂಡು ತೆಗೆದಿಟ್ಟರು. ಆಮೇಲೆ ಕೂಗಾಟ ನಿಂತಿತು. ಸಾಹುಕಾರ ತನ್ನದನ್ನು ಮುಗಿಸಿ ಮೇಷ್ಟ್ರ ತಟ್ಟೆಯನ್ನು ನೋಡುವನು, ಮೇಷ್ಟ್ರು ತಮ್ಮದನ್ನು ಮುಗಿಸಿ ಸಾಹುಕಾರನ ತಟ್ಟೆಯನ್ನು ನೋಡುವರು. ಶಾಲೆಯಲ್ಲಿ ಅವರು ಚಪ್ಪಾಳೆ ತಟ್ಟಿ ಡ್ರಿಲ್ ಮಾಡಿಸತೊಡಗಿದರು. ಮಕ್ಕಳಿಗೆ ಅದು ಹೊಗಳಿಕೆಯಂತೆ ಕಂಡು, ಓಟ ಮೊದಲಿಗಿಂತ ಜೋರಾಯಿತು.

ಡಾಕ್ಟರಮ್ಮನ ತಕ್ಕಡಿಯ ಮುಳ್ಳು ಇಳಿಯಿತು. ಸಾಹುಕಾರ ಸೋಫಾ ಹತ್ತಿದ, ಮಂಚ ಹತ್ತಿದ, ಒಂದು ದಿನ ಮೈದಾನದ ಗೋಡೆಯನ್ನೂ ಹತ್ತಿ ಕೂತ. "ಸೂಜಿ ಬೇಡ, ಅಪಾಯ ಕಳೀತು," ಎಂದರು ಡಾಕ್ಟರಮ್ಮ ಅತ್ತೆಯ ಕೈ ಕುಲುಕುತ್ತಾ. ಆಮೇಲೆ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವರನ್ನೂ ನೀವೇ ನೋಡ್ಕೋತಿದ್ದೀರಾ?" ಎಂದು ಕೇಳಿದರು. ಮೇಷ್ಟ್ರಿಗೆ ಸಿಟ್ಟು ಬರಲಿಲ್ಲ. ಸಾಹುಕಾರನನ್ನು ಎತ್ತಿಕೊಂಡು ಅವನ ಹಗುರವಾದ ಹೊಟ್ಟೆಗೆ ಮುಖ ಒತ್ತಿ ಹಿಡಿದಿದ್ದರು.

ಕ್ರೀಡಾಕೂಟದ ದಿನ ಬಂತು. ಮೈದಾನದ ತುಂಬ ಜನ, ಶಾಮಿಯಾನದಲ್ಲಿ ಮುಖ್ಯ ಅತಿಥಿಗಳು. ಬೇರೆ ಶಾಲೆಯಿಂದ ತೀರ್ಪುಗಾರರು ಬಂದಿದ್ದರು. ಮಧ್ಯಾಹ್ನದ ಹೊತ್ತು. ದೊಡ್ಡ ಓಟಕ್ಕೆ ಮಕ್ಕಳು ಗೆರೆಯ ಮೇಲೆ ಬಗ್ಗಿ ನಿಂತಿದ್ದರು. ಬಿಳಿ ಪ್ಯಾಂಟು ತೊಟ್ಟ ಮೇಷ್ಟ್ರು ಬಾವುಟ ಹಿಡಿದು ನಿಂತಿದ್ದರು. ಪ್ಯಾಂಟು ಸೊಂಟದಲ್ಲಿ ಸಡಿಲವಾಗಿತ್ತು, ಹೊಟ್ಟೆ ಚುರುಗುಡುತ್ತಿತ್ತು. ತೀರ್ಪುಗಾರರು ಸೀಟಿಯನ್ನು ತುಟಿಗಿಟ್ಟು ಚುಟುಕಾಗಿ ಎರಡು ಸಲ ಊದಿದರು.

ಮಕ್ಕಳು ಪೂರ್ವಕ್ಕೆ ಓಡಿದರು. ಮೇಷ್ಟ್ರು ಪಶ್ಚಿಮಕ್ಕೆ ಓಡಿದರು. ಬಾಯಲ್ಲಿ ನೀರೂರಿದ್ದಷ್ಟೇ ಅವರಿಗೆ ನೆನಪು; ಕಾಲುಗಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಇಡೀ ಶಾಮಿಯಾನ ತಿರುಗಿ ನೋಡುತ್ತಿತ್ತು. ಗೋಡೆಯ ಮೇಲೆ ಮಲಗಿದ್ದ ಸಾಹುಕಾರ ಅಷ್ಟರಲ್ಲೇ ಅತ್ತ ಕಡೆಗೆ ನೆಗೆದಾಗಿತ್ತು. ಮೇಷ್ಟ್ರು ಸಣ್ಣ ಬಾಗಿಲು ದಾಟಿದರು. ಇಬ್ಬರೂ ಏದುಸಿರು ಬಿಡುತ್ತಾ ಹಿಂಬಾಗಿಲಿಗೆ ಬಂದು ನಿಂತರು, ಸಾಹುಕಾರ ಮುಂದೆ, ಬಾವುಟ ಹಿಡಿದ ಮೇಷ್ಟ್ರು ಹಿಂದೆ.

ಹೊಸ್ತಿಲಲ್ಲಿ ಅತ್ತೆ ಕೈಕಟ್ಟಿ ನಿಂತಿದ್ದರು. ಸೀಟಿ ಅವರ ಕೊರಳಲ್ಲೇ ಇತ್ತು.

"ಅದು ನನ್ನ ಸೀಟಿ ಅಲ್ಲ," ಎಂದರು. "ಇಬ್ರೂ ವಾಪಸ್ ಹೋಗಿ."

ಸಾಹುಕಾರ ಬಾಲವೆತ್ತಿ ತಿರುಗಿದ. ಮೇಷ್ಟ್ರು ಅವನ ಹಿಂದೆ ಸಾಲಾಗಿ ನಡೆದರು.